ಮುದ್ದಯ್ಯ ಮರಿ ಕೊಡುವ ಮುನ್ನ

ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆಗೆ ಹೋಗುವಾಗ, ಕಂಪಲಾಪುರ ಇನ್ನೊಂದು ಮೈಲಿ ಇದೆ ಅನ್ನುವಾಗ ಎಡಕ್ಕೆ ಗಾಡಿದಾರಿ ಹಿಡಿದರೆ ಹದಿನೈದು ಮನೆಗಳ ಒಂದು ಕೊಪ್ಪಲು ಸಿಗುತ್ತಿತ್ತು. ಅಲ್ಲಿ ಹೋಗಿ ಮುದ್ದಯ್ಯನ ಮನೆ ಯಾವುದು ಎಂದರೆ ಯಾವ ಮುದ್ದಯ್ಯ ಎಂದು ತಿರುಗಿ ಕೇಳುತ್ತಿದ್ದರು. ನಾಯಿ ಮುದ್ದಯ್ಯ ಅನ್ನಬೇಕಿತ್ತು. ಆಗ ನೆಟ್ಟಗೆ ಮಾತು ಬಾರದ ಕೂಸೂ ಕೈ ತೋರಿಸುತ್ತಿತ್ತು.

ಈ ಹೆಸರು ಕೇಳಿದರೆ ಅವನ ಹೆಂಡತಿ ಪುಟ್ಟಮಲ್ಲಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಬಾವಿಕಟ್ಟೆಯ ಹೆಂಗಸರು “ನಾಯಿ ಮುದ್ದಯ್ಯನ ಹೆಂಡ್ರಾ ನೀನು?” ಎಂದು ಕೇಳಿ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕಿದ್ದನ್ನು ಅವಳು ಮುದುಕಿಯಾದರೂ ಮರೆಯಲಿಲ್ಲ. ಮುದ್ದಯ್ಯ ಮಾತ್ರ ಕೇಳಿಸದವನಂತೆ ಇರುತ್ತಿದ್ದ. ಅವನಿಗೂ ಅದು ಚುಚ್ಚುತ್ತಿತ್ತು ಎಂದು ಅವಳಿಗೆ ಗೊತ್ತಾದದ್ದು ಬಹಳ ತಡವಾಗಿ, ಗೊತ್ತಾಗಿ ಏನೂ ಪ್ರಯೋಜನವಿಲ್ಲದ ಹೊತ್ತಿನಲ್ಲಿ.

ಅವನ ಅಪ್ಪನ ಕಾಲದಲ್ಲಿ ಕೊಡಗಿನ ಕಾಫಿ ತೋಟದ ಬಿಳಿ ದೊರೆಯೊಬ್ಬ ಬೇಟೆಗೆ ಬಂದಿದ್ದನಂತೆ. ಹಂದಿ ತಿವಿದ ತನ್ನ ಹೆಣ್ಣು ನಾಯಿಯನ್ನು ಸಾಯಲಿ ಎಂದು ಕಾಡಂಚಿನಲ್ಲೇ ಬಿಟ್ಟು ಹೋದನಂತೆ. ಅದು ಸಾಯಲಿಲ್ಲ. ಊರ ನಾಯಿಗಳ ಜೊತೆ ಸೇರಿ ಮರಿ ಹಾಕಿತು. ಆ ತಳಿ ಮುದ್ದಯ್ಯನ ಕೈಗೆ ಬರುವ ಹೊತ್ತಿಗೆ ಉದ್ದ ಕಾಲು, ಅಗಲ ಎದೆ, ಕೆಂಚು ಮೈ, ಬೊಗಳುವುದು ಕಮ್ಮಿ, ಹಿಡಿದರೆ ಬಿಡುವುದಿಲ್ಲ. ಕುರಿದೊಡ್ಡಿಯ ಬಾಗಿಲಲ್ಲಿ ಇಂಥದ್ದೊಂದು ಮಲಗಿದ್ದರೆ ಕಿರುಬ ದೂರದಲ್ಲೇ ಸುತ್ತು ಹಾಕಿಕೊಂಡು ಬೇರೆ ಊರಿಗೆ ಹೋಗುತ್ತಿತ್ತು. ಹೆಗ್ಗಡದೇವನಕೋಟೆಯ ಕಡೆಯಿಂದ, ಹುಣಸೂರಿನಿಂದ, ಎಡತೊರೆಯ ಸೀಮೆಯಿಂದ ಮರಿ ಕೇಳಿಕೊಂಡು ಬರುವವರಿಗೆ ಲೆಕ್ಕವಿರಲಿಲ್ಲ. ಮರಿ ಹುಟ್ಟುತ್ತಿದ್ದದ್ದು ವರ್ಷಕ್ಕೆ ಆರೋ ಏಳೋ. ತಾಯಿ ಸೊರಗುತ್ತದೆ ಎಂದು ವರ್ಷಕ್ಕೆ ಒಂದೇ ಸಲ ಮರಿ ಹಾಕಿಸುತ್ತಿದ್ದ. ಎರಡು ತಿಂಗಳು ತುಂಬದೆ ಒಂದನ್ನೂ ತಾಯಿಯಿಂದ ಬಿಡಿಸುತ್ತಿರಲಿಲ್ಲ.

ಬಂದವರನ್ನು ಜಗಲಿಯ ಮೇಲೆ ಕೂರಿಸಿ, ನೀರು ಬೆಲ್ಲ ಕೊಟ್ಟು, ಶುರು ಮಾಡುತ್ತಿದ್ದ. ಮರಿ ಯಾಕೆ ಬೇಕು? ಮನೆಯಲ್ಲಿ ಎಷ್ಟು ಜನ? ನಾಟಿ ಕಾಲದಲ್ಲಿ ಎಲ್ಲರೂ ಗದ್ದೆಗಿಳಿದರೆ ಇದರ ಹತ್ತಿರ ಯಾರಿರುತ್ತಾರೆ? ಮಳೆ ಬಂದರೆ ಎಲ್ಲಿ ಮಲಗುತ್ತದೆ? ಕೊನೆಗೆ, ಅಡಕೆ ಹೋಳು ಬಾಯಿಗೆ ಹಾಕಿಕೊಳ್ಳುತ್ತಾ, ಏನೋ ಊರಿನ ಸಮಾಚಾರ ಕೇಳುವವನ ಹಾಗೆ ಕೇಳುತ್ತಿದ್ದ:

“ಹಿಂದಿನ ನಾಯಿ ಏನಾಯ್ತು?”

“ಕಿರುಬ ಒತ್ಕೊಂಡೋಯ್ತು ಕಣಣ್ಣ.”

“ಅದಕ್ಕೆ ಮುಂಚಿಂದು?”

“ಅದನ್ನೂವೆ.”

“ಅಂಗಾರೆ ನೀನು ನಾಯಿ ಸಾಕ್ತಿಲ್ಲ ಕಣಪ್ಪ, ಕಿರುಬ ಸಾಕ್ತಾ ಇದ್ದೀಯ” ಎಂದು ಎದ್ದುಬಿಡುತ್ತಿದ್ದ.

ಗಂಡಸು ಒಬ್ಬನೇ ಬಂದರೆ ಮರಿ ಇಲ್ಲ. ಹೆಂಡತಿಯೋ ತಾಯಿಯೋ, ದಿನಾ ಹಿಟ್ಟು ಹಾಕುವವರು ಬಂದು ಮರಿಯನ್ನು ಮಡಿಲಿಗೆ ಹಾಕಿಸಿಕೊಳ್ಳಬೇಕು. ಕೇಳೋನು ನೀನು, ಹಾಕೋರು ಅವರು, ಅವರಿಗೆ ಬೇಡವಾದ ಜೀವ ನಿಮ್ಮನೇಲಿ ಎಷ್ಟು ದಿನ ಉಳಿದೀತು ಎನ್ನುತ್ತಿದ್ದ. ಅಷ್ಟೂ ಸರಿಹೋದರೆ ತಾನೇ ಅವರ ಊರಿಗೆ ಹೋಗಿ ಮನೆ ನೋಡಿ ಬರುತ್ತಿದ್ದ. ಜನ ಬೈದುಕೊಳ್ಳುತ್ತಿದ್ದರು. ಹೆಣ್ಣು ಕೊಡುವವನೂ ಇಷ್ಟು ನೋಡುವುದಿಲ್ಲ, ಇವನದೇನು ದೌಲತ್ತು ಎನ್ನುತ್ತಿದ್ದರು. ಅಯ್ಯೋ, ಅವರ ಬಾಯಲ್ಲಿ ಎಂಥ ಮಾತು ಬಂದಿತ್ತು!

ಹುಣಸೂರಿನ ತೊಗಲು ವ್ಯಾಪಾರಿ ಮುಖ್ತಾರ್ ಸಾಹೇಬರು ಮರಿ ಕೇಳಿದಾಗ, ತುರುಕರ ಮನೆಯಲ್ಲಿ ನಾಯಿಗೆ ಏನು ಜಾಗ ಎಂದು ಕೊಪ್ಪಲಿನವರೆಲ್ಲ ನಕ್ಕರು. ಮುದ್ದಯ್ಯ ಹೋಗಿ ನೋಡಿದ. ಸಾಹೇಬರ ತಾಯಿ ಖತೀಜಾಬಿ ಬಾಗಿಲ ಪರದೆಯ ಹಿಂದಿನಿಂದಲೇ ಹೇಳಿದರು: “ಮನೆ ಒಳಗೆ ಬಿಡಲ್ಲ ಕಣಪ್ಪ, ನಮ್ಮದು ನಮಾಜಿನ ಜಾಗ. ಹಿತ್ತಲಲ್ಲಿ ಸೂರು ಹಾಕಿಸ್ತೀನಿ. ಅದರ ತಟ್ಟೆ ಅದಕ್ಕೆ. ಬಾಯಿಲ್ಲದ ಜೀವ ನೋಡು, ಹಸಿವು ಅಂತ ಕೇಳೋಕೆ ಬರಲ್ಲ. ಅದಕ್ಕೆ ಹಾಕದೆ ನಾನು ಉಣ್ಣಲ್ಲ.” ಆಕೆ ಬಂದು ಮಡಿಲೊಡ್ಡದಿದ್ದರೂ ಮುದ್ದಯ್ಯ ಅವತ್ತೇ ಮರಿ ಕೊಡಲು ಒಪ್ಪಿದ. ಅದು ಹದಿಮೂರು ವರ್ಷ ಬದುಕಿತು.

ಮರಿಗೆ ಪ್ರತಿಯಾಗಿ ತಾಯಿ ನಾಯಿಗೆಂದು ಒಂದು ಅಚ್ಚು ಬೆಲ್ಲ ತೆಗೆದುಕೊಳ್ಳುತ್ತಿದ್ದ, ಅಷ್ಟೇ. ಒಯ್ಯುವವರಿಗೆ ಕೈ ಮುಗಿದು ಹೇಳುತ್ತಿದ್ದ: “ಸಾಕಕ್ಕಾಗ್ನಿಲ್ಲ ಅಂದ್ರೆ ಒಡೀಬ್ಯಾಡಿ, ಕಾಡಿಗೆ ಬುಡಬ್ಯಾಡಿ. ಕುಂಟಾಗ್ಲಿ, ಕುರುಡಾಗ್ಲಿ, ಮುದಿಯಾಗ್ಲಿ, ನಮ್ಮನೆಗೆ ತಂದ್ಬುಡಿ. ಯಾಕೆ ಅಂತ ಕೇಳಕಿಲ್ಲ.” ಬಾಯಿಮಾತಿಗೆ ಹೇಳಿದ್ದಲ್ಲ. ಹೆಗ್ಗಡದೇವನಕೋಟೆಯ ಕಡೆ ಕೊಟ್ಟ ಒಂದು ನಾಯಿಯನ್ನು ಕುತ್ತಿಗೆಗೆ ತಂತಿ ಬಿಗಿದು ಕಟ್ಟಿದ್ದಾರೆ ಎಂದು ಸುದ್ದಿ ಬಂದಾಗ ಬೇಸಾಯ ಬಿಟ್ಟು ನಡೆದುಕೊಂಡೇ ಹೋದ. ನಾಲ್ಕನೆಯ ದಿನ ಅದನ್ನು ಹೆಗಲ ಮೇಲೆ ಹೊತ್ತು ತಂದ. ತಿಂಗಳುಗಟ್ಟಲೆ ಬೇವಿನೆಣ್ಣೆ ಅರಿಶಿನ ಹಚ್ಚಿ ಉಳಿಸಿದ. ಪುಟ್ಟಮಲ್ಲಮ್ಮ ಗೊಣಗಿದಳು, ಆದರೆ ಒಳಗೊಳಗೇ ಎಂಥ ಮನುಷ್ಯನನ್ನು ಕಟ್ಟಿಕೊಂಡೆ ಎಂದು ಹೆಮ್ಮೆಪಟ್ಟಳು. ಮುಂದೆ ಅದನ್ನು ನೆನೆದಾಗೆಲ್ಲ ತನ್ನ ಆ ಹೆಮ್ಮೆಗೇ ಅವಳಿಗೆ ನಾಚಿಕೆಯಾಗುತ್ತಿತ್ತು.

ಅವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಚಿಕ್ಕಸಿದ್ದಮ್ಮ, ಅವಳಿಗಿಂತ ಎಂಟು ವರ್ಷಕ್ಕೆ ಕಿರಿಯಳು ಮಂಗಳಮ್ಮ. ನಾಯಿಗಳಿಗೆ ಅಂಬಲಿ ಕಾಯಿಸುವುದು, ಮೈಗೆ ಹತ್ತಿದ ಉಣ್ಣೆಹುಳ ಕೀಳುವುದು, ಎಲ್ಲ ಚಿಕ್ಕಸಿದ್ದಮ್ಮನದೇ. ಅಪ್ಪನ ಪ್ರಶ್ನೆಗಳೆಲ್ಲ ಅವಳಿಗೆ ಬಾಯಿಪಾಠ. ಬಂದವರು ತಡವರಿಸಿದರೆ ಬಾಗಿಲ ಹಿಂದಿನಿಂದ ಕಿಸಕ್ಕನೆ ನಗುತ್ತಿದ್ದಳು. ಬಾಯಿ ಬಡುಕಿ, ಮಹಾ ನಗೆಗಾತಿ.

ಎಡತೊರೆಯವರು ಹೊಳೆಯ ನೀರು ನುಗ್ಗಿದ ಮೇಲೆ ಹೊಸ ಪಟ್ಟಣ ಕಟ್ಟಿಕೊಂಡು ಕೃಷ್ಣರಾಜನಗರ ಎನ್ನತೊಡಗಿದ್ದ ಕಾಲ. ಆ ಕಡೆಯ ಊರೊಂದರಿಂದ ಕಂಠಪ್ಪ ಎನ್ನುವವನು ಮರಿ ಕೇಳಲು ಬಂದ. ಪಟೇಲರ ತಂಗಿಯ ಮಗ, ನಾಲೆ ನೀರಿನ ಗದ್ದೆ, ಮೈಮೇಲೆ ಕೋಟು. ಇನ್ನೂ ಮದುವೆಯಾಗಿರಲಿಲ್ಲ. ಹಿಂದಿನ ನಾಯಿ ಏನಾಯ್ತು ಎಂದು ಮುದ್ದಯ್ಯ ಕೇಳಿದ.

“ಯಾವ್ದು? ಮೂರ್ನಾಕು ಇದ್ವು” ಎಂದ ಕಂಠಪ್ಪ. ಯಾವುದು ಏನಾಯಿತು ಎಂದು ಅವನಿಗೆ ನೆನಪೇ ಇರಲಿಲ್ಲ.

ಪಟೇಲರ ಕಡೆಯವನಲ್ಲವೇ ಎಂದು ಮುದ್ದಯ್ಯ ಮರ್ಯಾದೆಗೆ ಮನೆ ನೋಡಲು ಹೋದ. ಎತ್ತಿನ ಮೂಗು ಹರಿದು ಹುಣ್ಣಾಗಿತ್ತು. ಜೀತದಾಳು ಮಾತಾಡಿಸಿದರೆ ಬೆಚ್ಚಿ ಬೀಳುತ್ತಿದ್ದ. ಕಂಠಪ್ಪನ ತಾಯಿ ಶಿವನಂಜಮ್ಮ ಕೇಳಿದ್ದು ಒಂದೇ ಮಾತು, ನಾಯಿ ಬಹಳ ತಿನ್ನುತ್ತದಾ ಎಂದು. ಮುದ್ದಯ್ಯ ಅವರು ಕೊಟ್ಟ ಮಜ್ಜಿಗೆ ಕುಡಿಯದೆ ಎದ್ದು ಬಂದ.

“ಆ ಮನೇಲಿ ಯಾವ ಜೀವಾನೂ ಬಾಳಕಿಲ್ಲ ಕಣೇ” ಎಂದ ಹೆಂಡತಿಯ ಹತ್ತಿರ. “ಮರಿ ಕೊಡಕಿಲ್ಲ ಅಂತ ಮೊಕಕ್ಕೇ ಹೇಳ್ಬಂದೆ.”

ಮೂರು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಕಂಠಪ್ಪನ ಸೋದರಮಾವ, ಪಟೇಲರೇ, ಗೆಜ್ಜೆ ಕಟ್ಟಿದ ಎತ್ತಿನ ಗಾಡಿಯಲ್ಲಿ ಕೊಪ್ಪಲಿಗೆ ಬಂದಿಳಿದರು. ಊರಿಗೆ ಊರೇ ನೋಡುತ್ತಿದ್ದಾಗ ಮುದ್ದಯ್ಯನ ಜಗಲಿಯ ಮೇಲೆ ಕೂತರು. “ಮುದ್ದಯ್ಯನವರೇ, ನಿಮ್ಮ ದೊಡ್ಡ ಮಗಳನ್ನ ನಮ್ಮ ಕಂಠಪ್ಪನಿಗೆ ಕೇಳೋಣ ಅಂತ ಬಂದೆ” ಎಂದರು.

ಮುದ್ದಯ್ಯನವರೇ! ಹುಟ್ಟಿದಂದಿನಿಂದ ಯಾರೂ ಅವನನ್ನು ಹಾಗೆ ಕರೆದಿರಲಿಲ್ಲ. ಒಳಗಿನಿಂದ ಇಣುಕಿದ ಪುಟ್ಟಮಲ್ಲಮ್ಮ ಗಂಡನ ಮುಖ ನೋಡಿದಳು. ಕಣ್ಣಲ್ಲಿ ನೀರು ತುಂಬಿಕೊಂಡು ಕೈ ಮುಗಿದು ನಿಂತಿದ್ದ. ಇವನು ಒಪ್ಪಿಬಿಟ್ಟ ಎಂದು ಅವಳಿಗೆ ಆಗಲೇ ಗೊತ್ತಾಯಿತು. ಮರಿ ಕೊಡದವನ ಮಗಳನ್ನೇ ತರುತ್ತೇನೆ ಎಂದು ಕಂಠಪ್ಪ ಹಟ ಹಿಡಿದಿದ್ದನೆಂದು ಆಮೇಲೆ ಜನ ಆಡಿಕೊಂಡರು.

ಗಾಡಿ ಹೋದ ಮೇಲೆ ಅವಳು ಒಲೆ ಬಿಟ್ಟು ಎದ್ದು ಬಂದಳು.

“ಮರಿ ಕೊಡಕಿಲ್ಲ ಅಂದ ಮನೆಗೆ ಮಗಳನ್ನ ಕೊಟ್ಟೀಯಾ?”

“ಎರಡೂ ಒಂದೇನೇ? ನಾಯಿಗೆ ಬಾಯಿಲ್ಲ. ಒಡುದ್ರೆ ಹೇಳಕಾಗಕಿಲ್ಲ, ಉಪಾಸ ಹಾಕುದ್ರೆ ಕೇಳಕಾಗಕಿಲ್ಲ. ಅದಕ್ಕೇ ನಾವು ನೋಡ್ಬೇಕು. ಚಿಕ್ಕಸಿದ್ದೀಗೆ ಬಾಯದೆ. ಏನಾರ ಆದ್ರೆ ಬಂದು ಹೇಳ್ತಾಳೆ.”

“ನೀನೇ ಹೇಳಿದ್ಯಲ್ಲ, ಆ ಮನೇಲಿ ಯಾವ ಜೀವಾನೂ...”

“ಸುಮ್ಕಿರಮ್ಮಿ. ಪಟೇಲರು ಮನೆ ಬಾಗಿಲಿಗೆ ಬಂದವ್ರೆ. ನಾಯಿ ಮುದ್ದಯ್ಯನ ಮಗಳನ್ನ ಇನ್ಯಾರು ಬಂದು ಕೇಳ್ತಾರೆ?”

ಅವನು ದನಿ ಎತ್ತರಿಸಿದ್ದಕ್ಕೆ ಅವಳು ಸುಮ್ಮನಾದಳು. ಒಲೆಗೆ ಹೋಗಿ ಕೂತಳು. ಸುಮ್ಮನಾದದ್ದು ತನ್ನ ತಪ್ಪು, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ ಎಂದು ಅವಳು ಕೊನೆಯವರೆಗೂ ಹೇಳುತ್ತಿದ್ದಳು. ಮದುವೆ ಜೋರಾಗಿಯೇ ಆಯಿತು. ಬೀಗರು ಅವನನ್ನು ಮುದ್ದಯ್ಯನವರೇ ಎಂದು ಇನ್ನೂ ಐದಾರು ಸಲ ಕರೆದರು. ಆಮೇಲೆ ಬಿಟ್ಟರು.

ಒಂದೂವರೆ ವರ್ಷ ಕಳೆದಿತ್ತು. ಒಂದು ಮಧ್ಯಾಹ್ನ ಪುಟ್ಟಮಲ್ಲಮ್ಮ ರಾಗಿ ಕೇರುತ್ತಿದ್ದಾಗ ನಾಯಿಗಳೆಲ್ಲ ಒಟ್ಟಿಗೆ ಎದ್ದು ಬಾಲ ಅಲ್ಲಾಡಿಸುತ್ತಾ ದಾರಿಗೆ ಓಡಿದವು. ಚಿಕ್ಕಸಿದ್ದಮ್ಮ ಹುಣಸೂರಿನಿಂದ ಒಬ್ಬಳೇ ನಡೆದು ಬರುತ್ತಿದ್ದಳು. ಕೈಯಲ್ಲಿ ಬಳೆಯಿರಲಿಲ್ಲ. ಎಡಗೈ ಮೊಣಕೈಯಿಂದ ಕೆಳಕ್ಕೆ ಊದಿಕೊಂಡಿತ್ತು. ಕೂತವಳೇ ಮೂರು ಮುದ್ದೆ ಉಂಡಳು. ಆಮೇಲೆ ಹೇಳಿದಳು. ಬಾರುಕೋಲಿನಲ್ಲಿ ಹೊಡೆಯುತ್ತಾನೆ. ಅತ್ತೆ ದಿನಕ್ಕೊಂದು ಹೊತ್ತು ಹಾಕುತ್ತಾಳೆ, ನಿಂತು ನೋಡುತ್ತಾಳೆ. ಎದುರು ಮಾತಾಡಿದರೆ ಭತ್ತದ ಕೋಣೆಗೆ ಕೂಡಿ ಬೀಗ ಹಾಕುತ್ತಾರೆ.

“ಅಪ್ಪ, ನಾನು ತಿರ್ಗಾ ಓಗಕಿಲ್ಲ. ಕೊಟ್ಟಿಗೇಲಿ ಬಿದ್ದಿರ್ತೀನಿ. ನಾಯಿಗೋಳ್ನ ನೋಡ್ಕೊಂಡಿರ್ತೀನಿ.”

ಮುದ್ದಯ್ಯ ಅತ್ತ. ಮಗಳ ಕೈಗೆ ತಾನೇ ಎಣ್ಣೆ ಹಚ್ಚಿದ. ಎರಡು ದಿನ ಜಗಲಿ ಬಿಟ್ಟು ಏಳಲಿಲ್ಲ. ಬಾಯಿದ್ದ ಮಗಳು ಬಂದು ಬಾಯಿಬಿಟ್ಟು ಹೇಳಿಯಾಗಿತ್ತು. ಇನ್ನೇನು ಬೇಕಿತ್ತು ಅವನಿಗೆ? ಮೂರನೆಯ ದಿನ ಬೆಳಿಗ್ಗೆ ಎದ್ದು ಪಂಚೆ ಬದಲಾಯಿಸಿಕೊಂಡು, “ಹೊಲ್ಡವ್ವ, ಬುಟ್ಟು ಬತ್ತೀನಿ” ಎಂದ.

ಪುಟ್ಟಮಲ್ಲಮ್ಮ ಬಾಗಿಲಿಗೆ ಅಡ್ಡ ನಿಂತಳು. “ಕೋಟೆಯಿಂದ ನಾಯಿನ ಒತ್ಕೊಂಡು ಬಂದ್ಯಲ್ಲ, ಯಾಕೆ ಅಂತ ಕೇಳಿದ್ಯಾ? ಇವಳು ಒತ್ಕೊಂಡ್ ಬಾ ಅನ್ನನಿಲ್ಲ, ತಾನೇ ನಡ್ಕೊಂಡು ಬಂದವಳೆ.”

“ಮಂಗಳಿ ಬೆಳೀತಾ ಅವಳೆ ಕಣೇ. ಗಂಡನ್ನ ಬುಟ್ಟು ಬಂದೋಳ ತಂಗಿ ಅಂದ್ರೆ ಅವಳ್ನ ಯಾರು ತಕ್ಕತಾರೆ? ಊರು ಉಗೀತದೆ.”

“ಉಗೀಲಿ. ಒರಸ್ಕಂಡ್ರಾಯ್ತು.”

“ಕೊಟ್ಟಾಯ್ತು. ಇನ್ನು ಮಾತಿಲ್ಲ” ಎಂದ.

ಚಿಕ್ಕಸಿದ್ದಮ್ಮ ಅಪ್ಪನ ಮುಖವನ್ನೂ ನೋಡಲಿಲ್ಲ, ಅಮ್ಮನ ಮುಖವನ್ನೂ ನೋಡಲಿಲ್ಲ. ಎದ್ದು ಸೀರೆಯ ನೆರಿಗೆ ಸರಿ ಮಾಡಿಕೊಂಡಳು. ಪುಟ್ಟಮಲ್ಲಮ್ಮ ಬಾಗಿಲು ಬಿಟ್ಟು ಸರಿದಳು, ಒಳಗೆ ಹೋಗಿ ಬುತ್ತಿ ಕಟ್ಟಿ ತಂದು ಕೊಟ್ಟಳು. ಹುಣಸೂರಿನಲ್ಲಿ ಮುದ್ದಯ್ಯ ಮಗಳಿಗೆ ಎರಡು ಕೈ ತುಂಬ ಬಳೆ ತೊಡಿಸಿದನಂತೆ. ಊದಿದ ಕೈಗೆ ದೊಡ್ಡ ಅಳತೆಯ ಬಳೆ ಹುಡುಕಿಸಿದನಂತೆ. ಅದನ್ನು ಅವನೇ ಬಂದು ಹೇಳಿದ, ಏನೋ ಘನಕಾರ್ಯ ಮಾಡಿದವನ ಹಾಗೆ.

ಇನ್ನೊಂದನ್ನೂ ಹೇಳಿದ. ಕಂಠಪ್ಪ ನಗುತ್ತಾ, “ಹೆಂಡ್ರನ್ನ ತಂದು ಬುಟ್ರಿ, ಸರಿ ಮಾವ. ಆವತ್ತು ಕೇಳಿದ ಮರಿ ಯಾವಾಗ ತತ್ತೀರಿ?” ಎಂದನಂತೆ. ಮುಂದಿನ ತಿಂಗಳೇ ಮುದ್ದಯ್ಯ ಒಂದು ಗಂಡು ಮರಿಯನ್ನು ಬುಟ್ಟಿಯಲ್ಲಿ ಇಟ್ಟುಕೊಂಡು ಹೋಗಿ ಕೊಟ್ಟು ಬಂದ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ, ಬೆಲ್ಲ ತೆಗೆದುಕೊಳ್ಳಲಿಲ್ಲ. ಅಳಿಯನ ಮನಸ್ಸು ಮೆತ್ತಗಾಗುತ್ತದೆ, ಮಗಳಿಗೂ ತವರಿನ ಜೀವ ಒಂದು ಜೊತೆಗಿದ್ದ ಹಾಗಾಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಗೌರಿಹಬ್ಬ ಬಂತು. ಮಗಳಿಗೆ ಬಾಗಿನ ತೆಗೆದುಕೊಂಡು ಹೋದವನು ಮಾರನೆಯ ದಿನ ಸಂಜೆಗೆ ಬಂದ. ಪುಟ್ಟಮಲ್ಲಮ್ಮ ಅಂಗಳದಲ್ಲಿ ನಿಂತು ಕಾಯುತ್ತಿದ್ದಳು. ದೂರದಿಂದಲೇ ಅವನ ಹೆಗಲ ಮೇಲೆ ಏನೋ ಕಾಣಿಸಿತು. ಹತ್ತಿರ ಬಂದಾಗ ನೋಡಿದರೆ ಆ ಮರಿ. ಐದಾರು ತಿಂಗಳಿನದು, ಬೆಳೆದಿರಬೇಕಿತ್ತು. ಪಕ್ಕೆಯ ಮೂಳೆ ಎಣಿಸಬಹುದಿತ್ತು. ಒಂದು ಕಣ್ಣು ಮುಚ್ಚಿ ಹೋಗಿತ್ತು.

“ಬಿಸಿಲಲ್ಲಿ ಗೂಟಕ್ಕೆ ಬಿಗಿದಿದ್ರು ಕಣೇ. ಇನ್ನೆಂಟು ದಿನ ಬುಟ್ಟಿದ್ರೆ ಸಾಯ್ತಿತ್ತು. ನಂಗೆ ನೋಡಕಾಗ್ನಿಲ್ಲ. ಯಾರಿಗೂ ಹೇಳ್ನಿಲ್ಲ, ಬಿಚ್ಕೊಂಡು ಬಂದ್ಬುಟ್ಟೆ.”

“ಚಿಕ್ಕಸಿದ್ದಿ?”

“ಬಾಗಿಲಲ್ಲಿ ನಿಂತಿದ್ಲು.”

“ಏನಂದ್ಲು?”

“ಒಂದು ಕುಡಿಕೇಲಿ ನೀರು ತಂದ್ಕೊಟ್ಲು. ದಾರೀಲಿ ಇದಕ್ಕೆ ಕುಡ್ಸು ಅಂದ್ಲು.”

ಪುಟ್ಟಮಲ್ಲಮ್ಮ ಗಂಡನನ್ನೇ ನೋಡಿದಳು. ಅವನಿಗೆ ಇನ್ನೂ ಏನೂ ಹೊಳೆದಿರಲಿಲ್ಲ. ಮರಿಯನ್ನು ಮೆಲ್ಲಗೆ ಚಾಪೆಯ ಮೇಲೆ ಇಳಿಸಿ, ಅಂಬಲಿ ತಾ ಎಂದ. ಅವಳು ತರಲಿಲ್ಲ. ಅಲ್ಲೇ ನೆಲಕ್ಕೆ ಕುಸಿದು ಕೂತು, “ಥೂ ನಿನ್ನ! ಥೂ ನಿನ್ನ!” ಎಂದು ಎದೆ ಎದೆ ಬಡಿದುಕೊಂಡು ಊರು ಕೇಳುವ ಹಾಗೆ ಅತ್ತಳು. ಆಗ ಅವನಿಗೆ ತಿಳಿಯಿತು. ತಿಳಿದು ಚಾಪೆಯ ಮೇಲಿದ್ದ ಮರಿಯನ್ನೂ ತನ್ನ ಕೈಗಳನ್ನೂ ನೋಡುತ್ತಾ ಕೂತ. ತಿಳಿದ ಮೇಲಾದರೂ ತಿರುಗಿ ಹೋಗಿ ಮಗಳನ್ನು ಕರೆದುಕೊಂಡು ಬಂದನೇ? ಇಲ್ಲ. ಮಾರನೆಯ ದಿನವೂ ಹೋಗಲಿಲ್ಲ, ದೀಪಾವಳಿಗೂ ಹೋಗಲಿಲ್ಲ. ಹೋಗುವ ಮುಖ ಅವನಿಗಿರಲಿಲ್ಲ.

ಅವತ್ತಿನಿಂದ ಪುಟ್ಟಮಲ್ಲಮ್ಮ ನಾಯಿಗಳಿಗೆ ಹಿಟ್ಟು ಹಾಕುವುದು ಬಿಟ್ಟಳು. ಅವನೇ ಬೇಯಿಸಿ ಅವನೇ ಹಾಕಿದ. ಆಮೇಲೆ ಯಾರು ಬಂದು ಕೇಳಿದರೂ ಒಂದು ಮಾತೂ ಕೇಳದೆ ಮರಿ ಎತ್ತಿ ಕೊಟ್ಟುಬಿಡುತ್ತಿದ್ದ. ಹಾಗಾಗಿ ಐದಾರು ವರ್ಷದಲ್ಲಿ ತಳಿ ಕೆಟ್ಟಿತು, ಆಮೇಲೆ ಇಲ್ಲವಾಯಿತು. ಮಂಗಳಮ್ಮನಿಗೆ ಹುಣಸೂರಿನ ಹತ್ತಿರವೇ ಒಳ್ಳೆಯ ಕಡೆ ಮದುವೆಯಾಯಿತು. ಅವಳಿಗೋಸ್ಕರವೇ ಹಾಗೆ ಮಾಡಬೇಕಾಯಿತು ಎಂದು ಮುದ್ದಯ್ಯ ಒಂದೆರಡು ಸಲ ಹೇಳಲು ನೋಡಿದ. ಪುಟ್ಟಮಲ್ಲಮ್ಮ ಕೂತಲ್ಲಿಂದ ಎದ್ದು ಹೋದಳು.

ಜರ್ಮನಿಯ ಯುದ್ಧ ನಡೆದು ಸೀಮೆಣ್ಣೆ ಸಿಗದೆ ಹೋಗಿದ್ದ ವರ್ಷ ಮುದ್ದಯ್ಯನಿಗೆ ಲಕ್ವ ಹೊಡೆದು ಎಡಭಾಗ ಪೂರ್ತಿ ಬಿದ್ದು ಹೋಯಿತು. ಬೆಳಗಾದರೆ ತೊದಲುತ್ತಾ ಮಗಳ ಹೆಸರು ಹೇಳುತ್ತಿದ್ದ. ಒಂದು ಸಲ ಕರೆಸು, ಕಾಲು ಹಿಡಕೊಳ್ಳುತ್ತೇನೆ ಎನ್ನುತ್ತಿದ್ದ. ಪುಟ್ಟಮಲ್ಲಮ್ಮ ತಿಂಗಳು ತಡೆದಳು. ಕೊನೆಗೆ ಮಂಗಳಮ್ಮನನ್ನು ಅವನ ಹತ್ತಿರ ಕೂರಿಸಿ ತಾನೇ ಹೊರಟಳು.

ಚಿಕ್ಕಸಿದ್ದಮ್ಮ ಹಿತ್ತಲಲ್ಲಿ ಸಗಣಿ ತಟ್ಟುತ್ತಿದ್ದಳು. ಮೂವತ್ತು ತುಂಬದವಳಿಗೆ ತಲೆ ನೆರೆತಿತ್ತು. ಅವಳ ಇಬ್ಬರು ಮಕ್ಕಳು ಈ ಮುದುಕಿ ಯಾರು ಎಂದು ದೂರ ನಿಂತು ನೋಡಿದವು. ಚಿಕ್ಕಸಿದ್ದಮ್ಮ ಅಮ್ಮನಿಗೆ ಕಾಲಿಗೆ ನೀರು ಕೊಟ್ಟಳು, ಮಜ್ಜಿಗೆ ಕೊಟ್ಟಳು. ಅಪ್ಪನ ಸಂಗತಿಯನ್ನೆಲ್ಲ ಕೇಳಿಕೊಂಡಳು. ಸಿಟ್ಟಿಲ್ಲ, ಅಳುವಿಲ್ಲ. ಆಮೇಲೆ ಕೇಳಿದಳು:

“ಅಪ್ಪನ್ಗೆ ಕೈಕಾಲು ಬಿದ್ದೋಗವೆ ಅಂತೀಯ. ನಾನು ಅಲ್ಲಿಗೆ ಬಂದ್ರೆ, ತಿರ್ಗಾ ಕರ್ಕೊಂಡ್ಬಂದು ಇಲ್ಲಿ ಬುಡೋರು ಯಾರವ್ವ?”

ಪುಟ್ಟಮಲ್ಲಮ್ಮ ಮಜ್ಜಿಗೆಯ ಲೋಟ ಕೆಳಗಿಟ್ಟು ಎದ್ದಳು. ಅವತ್ತೇ ಗಾಡಿ ಹತ್ತಿ ವಾಪಸು ಬಂದಳು. ಬಂದ್ಲಾ ಎಂದು ಗಂಡ ಕೇಳಿದ. ಏನಾದರೂ ಸುಳ್ಳು ಹೇಳಬಹುದಿತ್ತು, ಮಕ್ಕಳಿಗೆ ಜ್ವರ, ನಾಳೆ ಬರುತ್ತಾಳೆ ಎಂದು. ಅವಳು ಹೇಳಲಿಲ್ಲ. ಮಗಳು ಆಡಿದ ಮಾತನ್ನು ಒಂದಕ್ಷರ ಬಿಡದೆ ಅವನ ಕಿವಿಯ ಹತ್ತಿರ ಬಗ್ಗಿ ಹೇಳಿದಳು. ಅವನು ಗೋಡೆಯ ಕಡೆ ತಿರುಗಿಕೊಂಡ. ಎಂಟು ದಿನ ಇದ್ದ, ಹೋದ.

ಹನ್ನೊಂದನೆಯ ದಿನದ ಊಟಕ್ಕೆ ಚಿಕ್ಕಸಿದ್ದಮ್ಮ ಬಂದಳು. ಕೊನೆಯ ಪಂಕ್ತಿಯಲ್ಲಿ ಕೂತು ಉಂಡಳು, ತನ್ನ ಎಲೆ ತಾನೇ ಎತ್ತಿದಳು. ಪುಟ್ಟಮಲ್ಲಮ್ಮ ಮಗಳ ಕೈ ಹಿಡಿದುಕೊಂಡು, “ಇನ್ನು ನಿನ್ನ ಕಳಿಸೋರು ಯಾರೂ ಇಲ್ಲ ಕಣವ್ವ. ಇದ್ಬುಡು. ಮಕ್ಕಳ್ನೂ ಕರ್ಕೊಂಡ್ ಬರೋವ” ಎಂದು ಗೋಗರೆದಳು.

“ಸಂಜೆ ಹಸ ಕರೀಬೇಕು ಕಣವ್ವ” ಎಂದಳು ಚಿಕ್ಕಸಿದ್ದಮ್ಮ. ಅವಳನ್ನು ಬಿಟ್ಟು ಬರಲು ಯಾರೂ ಜೊತೆಗೆ ಹೋಗಬೇಕಾಗಲಿಲ್ಲ. ತಾನೇ ಹೋದಳು.